ಪುಟಾಣಿಗಳಿಗೆ ಬೈಬಲ್ ಕಥೆ: ಹೇಳುವುದು ಹೇಗೆ, ಆಡಿಸುವುದು ಹೇಗೆ

ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳ ತರಗತಿಯನ್ನು ಹೊಸದಾಗಿ ವಹಿಸಿಕೊಂಡವರೂ ಮನೆಯಲ್ಲಿ ಮೂರು ನಾಲ್ಕು ವರ್ಷದ ಮಕ್ಕಳಿರುವ ತಂದೆತಾಯಂದಿರೂ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. ಕಥೆ ಹೇಳಲು ಕುಳಿತರೆ ಮಗು ಎರಡು ನಿಮಿಷಕ್ಕೆ ಎದ್ದು ಓಡುತ್ತದೆ. ಪೂರ್ತಿ ಕೇಳಿದರೂ, ಹಂಚಿಕೊಳ್ಳುವುದರ ಬಗ್ಗೆ ಕಥೆ ಕೇಳಿದ ಐದನೆಯ ನಿಮಿಷಕ್ಕೆ ಪಕ್ಕದ ಮಗುವಿನ ಕೈಯಿಂದ ಆಟಿಕೆಯನ್ನು ಕಿತ್ತುಕೊಳ್ಳುತ್ತದೆ. ಹೀಗಿರುವಾಗ ಬೈಬಲ್ ಕಥೆಗಳಿಂದ ಮಕ್ಕಳಿಗೆ ಒಳ್ಳೆಯ ಗುಣಗಳನ್ನು ಕಲಿಸುವುದು ಹೇಗೆ?

ಹಲವು ವರ್ಷ ಈ ವಯಸ್ಸಿನ ಮಕ್ಕಳೊಂದಿಗೆ ಚಾಪೆಯ ಮೇಲೆ ಕುಳಿತ ಮೇಲೆ ನಾನು ಕಂಡುಕೊಂಡ ಉತ್ತರ ಇಷ್ಟು: ಕಥೆಯ ಕೊನೆಯಲ್ಲಿ ನಾವು ಹೇಳುವ ನೀತಿಯ ಮಾತಿನಿಂದ ಗುಣ ಬರುವುದಿಲ್ಲ. ಕಥೆಯಲ್ಲಿ ನಡೆದದ್ದನ್ನು ಮಗು ತನ್ನ ಕೈಯಾರೆ ಮಾಡಿ, ಅದೇ ಕೆಲಸವನ್ನು ವಾರವಿಡೀ ಮನೆಯಲ್ಲಿಯೂ ಮಾಡಿದಾಗ ಅದು ನಿಧಾನವಾಗಿ ರೂಢಿಯಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಕಥೆ ಹೇಳುವುದಕ್ಕೆ ಕೊಟ್ಟಷ್ಟೇ ಗಮನವನ್ನು ಆಟಕ್ಕೂ ಕೊಟ್ಟಿದ್ದೇನೆ. ಇಲ್ಲಿರುವ ಕ್ರಮ ಮೂರರಿಂದ ಆರು ವರ್ಷದ ಮಕ್ಕಳಿಗೆ ಹೊಂದುತ್ತದೆ. ಇದಕ್ಕಿಂತ ದೊಡ್ಡ ಮಕ್ಕಳಿಗೆ ಬೇರೆಯದೇ ವಿಧಾನ ಬೇಕು.

ಮೊದಲು ಸಿದ್ಧವಾಗಿರಬೇಕಾದದ್ದು

ನಿಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಓದುವ ಕನ್ನಡ ಸತ್ಯವೇದ ಅಥವಾ ಪವಿತ್ರ ಬೈಬಲ್, ನೆಲಕ್ಕೆ ಹಾಸಲು ಚಾಪೆ ಅಥವಾ ಕಂಬಳಿ, ಒಂದು ಬುಟ್ಟಿ, ಹಳೆಯ ಸೀರೆ ಮತ್ತು ಪಂಚೆಯ ತುಂಡುಗಳು, ಎರಡು ಮೂರು ರಟ್ಟಿನ ಪೆಟ್ಟಿಗೆಗಳು, ದಪ್ಪ ಕ್ರೆಯಾನ್‌ಗಳು. ಇಷ್ಟಿದ್ದರೆ ಒಂದು ವರ್ಷದ ತರಗತಿಯನ್ನು ನಡೆಸಬಹುದು. ಫ್ಲ್ಯಾನೆಲ್ ಬೋರ್ಡ್ ಇದ್ದರೆ ಒಳ್ಳೆಯದು (ಮೆತ್ತನೆಯ ಬಟ್ಟೆ ಹೊದಿಸಿದ ಹಲಗೆಯ ಮೇಲೆ, ಹಿಂಬದಿಗೆ ಅಂಥದೇ ಬಟ್ಟೆ ಅಂಟಿಸಿದ ಚಿತ್ರಗಳನ್ನು ಹಚ್ಚುತ್ತ ತೆಗೆಯುತ್ತ ಕಥೆ ಹೇಳುವ ಹಳೆಯ ಸಾಧನ ಇದು). ಇಲ್ಲದಿದ್ದರೆ ಅದಕ್ಕಾಗಿ ಹಣ ಖರ್ಚು ಮಾಡಬೇಡಿ. ಮೊಬೈಲಿನಲ್ಲಿ ಕಾರ್ಟೂನ್ ತೋರಿಸುವುದನ್ನು ಮಾತ್ರ ತರಗತಿಯ ವೇಳೆಯಲ್ಲಿ ಪೂರ್ತಿಯಾಗಿ ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಪರದೆಯನ್ನು ನೋಡುತ್ತಿರುವ ಮಗು ನಿಮ್ಮ ಮುಖವನ್ನು ನೋಡುವುದಿಲ್ಲ, ಪಕ್ಕದ ಮಗುವನ್ನಂತೂ ನೋಡುವುದೇ ಇಲ್ಲ.

ದೊಡ್ಡವರ ಸಂಖ್ಯೆಯೂ ಮುಖ್ಯ. ಐದಾರು ಮಕ್ಕಳಿಗೆ ಒಬ್ಬರಂತೆ ದೊಡ್ಡವರಿರಲಿ. ಮಕ್ಕಳು ನಾಲ್ಕೇ ಇದ್ದರೂ ಕೋಣೆಯಲ್ಲಿ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಇರಲಿ, ಬಾಗಿಲು ತೆರೆದಿರಲಿ. ಇದು ಮಕ್ಕಳ ಸುರಕ್ಷತೆಯ ನಿಯಮ. ಯಾವ ಸಭೆಯೂ ಯಾವ ಕಾರಣಕ್ಕೂ ಇದನ್ನು ಸಡಿಲಿಸಬಾರದು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಕೋಣೆಯ ಗೋಡೆಗೆ ಅಂಟಿಸಿಡಿ.

ಹಂತ 1: ಮೌಲ್ಯವನ್ನು ಒಂದು ಕೆಲಸವಾಗಿ ಬರೆದುಕೊಳ್ಳಿ

ಹೆಚ್ಚಿನವರು ಕಥೆಯಿಂದ ಆರಂಭಿಸಿ, ಕೊನೆಗೆ ಅದರಿಂದ ಒಂದು ನೀತಿಯನ್ನು ಹುಡುಕುತ್ತಾರೆ. ನೀವು ಇದನ್ನು ತಿರುಗಿಸಿ. ಈ ತಿಂಗಳು ಮಕ್ಕಳಲ್ಲಿ ಬೆಳೆಯಬೇಕಾದ ಗುಣ ಯಾವುದು ಎಂದು ಮೊದಲು ನಿರ್ಧರಿಸಿ, ಅದನ್ನು ಕಣ್ಣಿಗೆ ಕಾಣುವ ಒಂದು ಕೆಲಸವಾಗಿ ಬರೆದುಕೊಳ್ಳಿ. "ಉದಾರತೆ" ಎಂಬುದು ನಾಲ್ಕು ವರ್ಷದ ಮಗುವಿಗೆ ಬರಿಯ ಸದ್ದು. "ನನ್ನ ತಟ್ಟೆಯಿಂದ ಒಂದು ತುಂಡನ್ನು ಪಕ್ಕದವರಿಗೆ ಕೊಡುವುದು" ಎಂಬುದು ಅದಕ್ಕೆ ಅರ್ಥವಾಗುವ, ಮಾಡಲು ಆಗುವ ಕೆಲಸ. ಹೀಗೆಯೇ "ವಿಧೇಯತೆ" ಎಂದರೆ ಕರೆದಾಗ ಓಗೊಟ್ಟು ಹತ್ತಿರ ಬರುವುದು, "ಕೃತಜ್ಞತೆ" ಎಂದರೆ ನೀರು ತಂದುಕೊಟ್ಟವರ ಮುಖ ನೋಡಿ ಒಂದು ಮಾತು ಆಡುವುದು, "ಪ್ರಾಮಾಣಿಕತೆ" ಎಂದರೆ ಕೇಳದೆ ತೆಗೆದುಕೊಂಡ ಬಣ್ಣದ ಕಡ್ಡಿಯನ್ನು ಹಿಂದೆ ಕೊಡುವುದು.

ಒಂದು ಮೌಲ್ಯಕ್ಕೆ ಕನಿಷ್ಠ ಎರಡು ವಾರ, ಸಾಧ್ಯವಾದರೆ ನಾಲ್ಕು ವಾರ ಕೊಡಿ. ಪ್ರತಿ ಭಾನುವಾರ ಹೊಸ ಕಥೆ, ಹೊಸ ಗುಣ ಎಂದು ಓಡಿದರೆ ಪಾಠಪಟ್ಟಿ ಮುಗಿಯುತ್ತದೆಯೇ ಹೊರತು ಮಕ್ಕಳಲ್ಲಿ ಏನೂ ಉಳಿಯುವುದಿಲ್ಲ. ದೊಡ್ಡವರಿಗೆ ಬೇಸರ ತರುವ ಪುನರಾವರ್ತನೆ ಈ ವಯಸ್ಸಿನವರಿಗೆ ಹಬ್ಬದಂತೆ. ಮುಂದೆ ಏನಾಗುತ್ತದೆ ಎಂದು ತಮಗೆ ಗೊತ್ತಿರುವುದೇ ಅವರಿಗೆ ದೊಡ್ಡ ಸಂತೋಷ.

ಹಂತ 2: ವಯಸ್ಸಿಗೆ ತಕ್ಕ ಕಥೆಯನ್ನು ಆರಿಸಿ

ಬೈಬಲಿನಲ್ಲಿ ಮಕ್ಕಳು ಪಾತ್ರಧಾರಿಗಳಾಗಿರುವ ಕಥೆಗಳಿವೆ, ಪ್ರಾಣಿಗಳಿರುವ ಕಥೆಗಳಿವೆ, ರೊಟ್ಟಿ ಮೀನು ದೀಪ ಬೀಜಗಳಂಥ ಮನೆಯ ವಸ್ತುಗಳಿರುವ ಕಥೆಗಳಿವೆ. ಮೊದಲ ವರ್ಷಕ್ಕೆ ಇವಿಷ್ಟೇ ಸಾಕು. ನಾನು ಮತ್ತೆ ಮತ್ತೆ ಬಳಸುವ ಕೆಲವು ಹೀಗಿವೆ: ಹಂಚಿಕೊಳ್ಳುವುದಕ್ಕೆ ಐದು ರೊಟ್ಟಿ ಎರಡು ಮೀನಿನ ಹುಡುಗ (ಯೋಹಾನ 6), ಕಿವಿಗೊಡುವುದಕ್ಕೆ ಬಾಲಕ ಸಮುವೇಲ (1 ಸಮುವೇಲ 3), ಯಾರನ್ನೂ ಬಿಟ್ಟುಬಿಡದಿರುವುದಕ್ಕೆ ತಪ್ಪಿಹೋದ ಕುರಿ (ಲೂಕ 15), ಧನ್ಯವಾದಕ್ಕೆ ಕುಷ್ಠದಿಂದ ಗುಣಹೊಂದಿದ ಹತ್ತು ಮಂದಿ (ಲೂಕ 17), ತೆಗೆದುಕೊಂಡದ್ದನ್ನು ಹಿಂದಿರುಗಿಸುವುದಕ್ಕೆ ತೆರಿಗೆ ವಸೂಲಿಯ ಜಕ್ಕಾಯ (ಲೂಕ 19), ತಮ್ಮ ತಂಗಿಯರನ್ನು ನೋಡಿಕೊಳ್ಳುವುದಕ್ಕೆ ಬುಟ್ಟಿಯಲ್ಲಿದ್ದ ಕೂಸು ಮೋಶೆಯನ್ನು ದೂರದಿಂದ ಕಾದ ಅಕ್ಕ (ವಿಮೋಚನಕಾಂಡ 2), ಕಷ್ಟದಲ್ಲಿರುವವರಿಗೆ ನೆರವಾಗುವುದಕ್ಕೆ ಒಳ್ಳೆಯ ಸಮಾರ್ಯದವನು (ಲೂಕ 10). ಇವುಗಳಲ್ಲಿ ತಪ್ಪಿಹೋದ ಕುರಿ ಮತ್ತು ಸಮಾರ್ಯದವನ ಕಥೆಗಳು ಸಾಮ್ಯಗಳು, ಅಂದರೆ ಒಂದು ವಿಚಾರವನ್ನು ತಿಳಿಸಲು ಯೇಸು ಹೇಳಿದ ಹೋಲಿಕೆಯ ಕಥೆಗಳು. ಚಿಕ್ಕ ಮಕ್ಕಳಿಗೆ ಹೋಲಿಕೆಯ ಅರ್ಥ ಬಿಡಿಸಿ ಹೇಳುವ ಅಗತ್ಯವಿಲ್ಲ. ಕುರಿ ಕಳೆದುಹೋಯಿತು, ಕುರುಬ ಹುಡುಕಿದ, ಸಿಕ್ಕಿತು, ಹೆಗಲ ಮೇಲೆ ಹೊತ್ತು ತಂದ. ಈ ವಯಸ್ಸಿಗೆ ಕಥೆ ಅಷ್ಟೇ.

ಕಥೆಯ ಆಯ್ಕೆಯಲ್ಲಿ ಆಗುವ ದೊಡ್ಡ ತಪ್ಪು ಭಯ ಹುಟ್ಟಿಸುವ ಕಥೆಗಳದು. ತಂದೆ ಅಬ್ರಹಾಮನು ಇಸಾಕನನ್ನು ಬಲಿಪೀಠದ ಮೇಲೆ ಮಲಗಿಸಿದ ಪ್ರಸಂಗ, ಅಣ್ಣ ಕಾಯಿನ ತಮ್ಮ ಹೇಬೆಲನನ್ನು ಕೊಂದ ಕಥೆ, ಐಗುಪ್ತದ ಚೊಚ್ಚಲ ಮಕ್ಕಳ ಮರಣ, ಶಿಲುಬೆಯ ಯಾತನೆಯ ವಿವರಗಳು, ಇವು ಸತ್ಯವೇದದಲ್ಲಿ ಆಳವಾದ ಅರ್ಥವುಳ್ಳ ಭಾಗಗಳೇ. ಆದರೆ "ಅಪ್ಪ ನನ್ನನ್ನೂ ಹಾಗೆ ಮಾಡುತ್ತಾರಾ" ಎಂದು ರಾತ್ರಿ ಎದ್ದು ಕೇಳುವ ವಯಸ್ಸಿನವರಿಗೆ ಇವು ಅಲ್ಲ. ನೋಹನ ಕಥೆಯನ್ನು ಹೇಳುವಾಗ ನಾವೆ ಕಟ್ಟಿದ್ದು, ಪ್ರಾಣಿಗಳು ಒಳಗೆ ಬಂದದ್ದು, ಪಾರಿವಾಳ ಎಲೆ ತಂದದ್ದು, ಮುಗಿಲುಬಿಲ್ಲು ಕಂಡದ್ದು, ಇಷ್ಟನ್ನು ಹೇಳಿ. ಜಲಪ್ರಳಯದಲ್ಲಿ ನಾವೆಯ ಹೊರಗೆ ಉಳಿದವರ ಬಗ್ಗೆ ಮಗು ತಾನಾಗಿ ಕೇಳಿದರೆ "ಅದು ತುಂಬಾ ದುಃಖದ ವಿಷಯ" ಎಂದು ಸತ್ಯವಾಗಿ, ಚುಟುಕಾಗಿ ಉತ್ತರಿಸಿ. ದಾವೀದನು ಕವಣೆಯಿಂದ ಗೊಲ್ಯಾತನನ್ನು ಬೀಳಿಸಿದ ಕಥೆಯನ್ನು ಹುಡುಗರು ಬಹಳ ಇಷ್ಟಪಡುತ್ತಾರೆ. ಅದನ್ನು ಹೇಳಿದ ದಿನ ಕವಣೆಯಾಟ ಆರಂಭವಾಗುವುದು ಖಚಿತವಾದ್ದರಿಂದ ನಾನು ಅದನ್ನು ಮಕ್ಕಳಿಗೆ ಆರು ವರ್ಷ ತುಂಬಿದ ನಂತರಕ್ಕೆ ಇಡುತ್ತೇನೆ.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. "ಹಾಗೆ ಮಾಡಿದರೆ ದೇವರು ಕಣ್ಣು ಕೀಳುತ್ತಾನೆ", "ಯೇಸಪ್ಪನಿಗೆ ನಿನ್ನ ಮೇಲೆ ಸಿಟ್ಟು ಬಂದಿದೆ" ಎಂಬ ಮಾತುಗಳನ್ನು ತರಗತಿಯಲ್ಲಾಗಲಿ ಮನೆಯಲ್ಲಾಗಲಿ ಆಡಬೇಡಿ. ಅದರಿಂದ ಮಗು ಆ ಕ್ಷಣಕ್ಕೆ ಸುಮ್ಮನಾಗಬಹುದು. ಆದರೆ ನೀವು ಪ್ರೀತಿಯಿಂದ ಪರಿಚಯಿಸಬೇಕೆಂದಿದ್ದವರನ್ನೇ ಗುಮ್ಮನನ್ನಾಗಿ ಮಾಡಿರುತ್ತೀರಿ, ಅದನ್ನು ತಿದ್ದಲು ವರ್ಷಗಳು ಬೇಕಾಗುತ್ತವೆ.

ಹಂತ 3: ಮೂಲವನ್ನು ನೀವೇ ಓದಿ

ಚಿತ್ರಪುಸ್ತಕದಿಂದ ಕಥೆ ಹೇಳುವುದು ಸುಲಭ, ಆದರೆ ಹಿಂದಿನ ರಾತ್ರಿ ಸತ್ಯವೇದದ ಆ ಅಧ್ಯಾಯವನ್ನು ಎರಡು ಸಲ ಓದದೆ ತರಗತಿಗೆ ಹೋಗಬೇಡಿ. ಯೋನನನ್ನು ನುಂಗಿದ್ದು "ದೊಡ್ಡ ಮೀನು" ಎಂದಷ್ಟೇ ಇದೆ, ತಿಮಿಂಗಿಲವೆಂದು ಯೋನನ ಗ್ರಂಥ ಹೇಳುವುದಿಲ್ಲ. ಕೂಸು ಯೇಸುವನ್ನು ನೋಡಲು ಮೂಡಣ ದೇಶದಿಂದ ಬಂದ ಜ್ಞಾನಿಗಳು ಮೂವರು ಎಂದು ಮತ್ತಾಯನು ಎಣಿಸಿಲ್ಲ, ಕಾಣಿಕೆಗಳು ಮಾತ್ರ ಮೂರು. ಏದೆನ್ ತೋಟದ ಹಣ್ಣು ಸೇಬು ಎಂದು ಆದಿಕಾಂಡದಲ್ಲಿ ಎಲ್ಲಿಯೂ ಇಲ್ಲ. ಇವು ಸಣ್ಣ ವಿಷಯಗಳೆಂದು ತೋರಬಹುದು, ಆದರೆ ಇಂದು ನಿಮ್ಮ ಬಾಯಿಂದ ಕೇಳಿದ್ದನ್ನು ಈ ಮಕ್ಕಳು ದೊಡ್ಡವರಾಗಿ ತಾವೇ ಓದುವ ದಿನ ಬರುತ್ತದೆ. ಕಥೆಗೆ ಬಣ್ಣ ಬೇಕೆನಿಸಿದಾಗ "ಹೀಗೆ ಇದ್ದಿರಬಹುದೇನೋ" ಎಂದು ಹೇಳಿ ಸೇರಿಸಿ. ಇದ್ದದ್ದನ್ನೂ ನಾವು ಊಹಿಸಿದ್ದನ್ನೂ ಬೇರೆಯಾಗಿಡುವುದು ಮಕ್ಕಳಿಗೆ ನಾವು ತೋರಿಸುವ ಪ್ರಾಮಾಣಿಕತೆಯೇ ಆಗಿದೆ.

ಓದುವುದರಿಂದ ಕಥೆಗೆ ಹೊಸ ಜೀವವೂ ಬರುತ್ತದೆ. ಯೇಸು ಐದು ರೊಟ್ಟಿ ಎರಡು ಮೀನಿನಿಂದ ಐದು ಸಾವಿರ ಗಂಡಸರಿಗೆ ಊಟ ಬಡಿಸಿದ ಪ್ರಸಂಗ ನಾಲ್ಕೂ ಸುವಾರ್ತೆಗಳಲ್ಲಿ, ಅಂದರೆ ಯೇಸುವಿನ ಜೀವನವನ್ನು ಹೇಳುವ ಬೈಬಲಿನ ನಾಲ್ಕೂ ಗ್ರಂಥಗಳಲ್ಲಿ, ಇದೆ, ಆದರೆ ರೊಟ್ಟಿ ತಂದವನು ಒಬ್ಬ ಹುಡುಗ ಎಂದು ಹೇಳುವವನು ಯೋಹಾನ ಒಬ್ಬನೇ. ಆ ರೊಟ್ಟಿಗಳು ಜವೆಗೋಧಿಯವು ಎಂದೂ ಅವನೇ ಹೇಳುತ್ತಾನೆ. ಜವೆಗೋಧಿ ಆ ನಾಡಿನ ಬಡವರ ಧಾನ್ಯವಾಗಿತ್ತು. ನಮ್ಮಲ್ಲಿ ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ ಕಟ್ಟಿಕೊಂಡು ಹೋದ ಹುಡುಗನನ್ನು ನೆನೆದುಕೊಂಡರೆ ಮಕ್ಕಳ ಕಣ್ಣ ಮುಂದೆ ಆ ಬುತ್ತಿ ನಿಲ್ಲುತ್ತದೆ.

ಹಂತ 4: ಕಥೆಯನ್ನು ಐದು ನಿಮಿಷದಲ್ಲಿ ಹೇಳಿ

ನೆಲದ ಮೇಲೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಮೂರು ವರ್ಷದವರಿಗೆ ಮೂರ್ನಾಲ್ಕು ನಿಮಿಷ, ಐದಾರು ವರ್ಷದವರಿಗೆ ಏಳೆಂಟು ನಿಮಿಷ ಸಾಕು. ನಿಮ್ಮ ಊರಿನ ಆಡುಮಾತಿನಲ್ಲಿಯೇ ಹೇಳಿ. ಸತ್ಯವೇದದ ಭಾಷೆ ಗಂಭೀರವಾಗಿದೆ, ಸುಂದರವಾಗಿಯೂ ಇದೆ. ಅದನ್ನು ವಚನದ ಹಂತಕ್ಕೆ ಉಳಿಸಿಕೊಳ್ಳಿ.

ಪ್ರತಿ ಕಥೆಗೂ ಮಕ್ಕಳು ಸೇರಿ ಹೇಳುವ ಒಂದು ಪಲ್ಲವಿಯನ್ನು ಕಟ್ಟಿಕೊಳ್ಳಿ. ಸಮುವೇಲನ ಕಥೆಯಲ್ಲಿ ದೇವರು ಮೂರು ಸಲ ಕರೆದಾಗಲೂ ಹುಡುಗ ಯಾಜಕ ಏಲಿಯೇ ಕರೆದನೆಂದು ತಿಳಿದು ಎದ್ದು ಓಡುತ್ತಾನೆ. ನಾಲ್ಕನೆಯ ಸಲ ಮಲಗಿದಲ್ಲಿಂದಲೇ ಉತ್ತರ ಕೊಡುತ್ತಾನೆ. ನೀವು "ಸಮುವೇಲಾ, ಸಮುವೇಲಾ" ಎಂದು ಮೆಲ್ಲಗೆ ಕರೆದಾಗಲೆಲ್ಲ ಮಕ್ಕಳು "ಇಗೋ ಇದ್ದೀನಿ" ಎಂದು ಎದ್ದು ಬರಲಿ. ಮೂರನೆಯ ಸಲಕ್ಕೆ ಓಡಿ ತಪ್ಪಿಸಿಕೊಳ್ಳುತ್ತಿದ್ದ ಮಗುವೂ ಒಳಗೆ ಸೇರಿರುತ್ತದೆ.

ಕಥೆ ಮುಗಿದ ಕೂಡಲೇ "ಇದರಿಂದ ನಾವು ಏನು ಕಲಿತೆವು?" ಎಂದು ಕೇಳಬೇಡಿ. ಈ ಪ್ರಶ್ನೆಗೆ ಮಕ್ಕಳು ನಮಗೆ ಇಷ್ಟವಾಗುವ ಉತ್ತರವನ್ನು ಬೇಗ ಕಲಿತುಬಿಡುತ್ತಾರೆ, ಕಥೆಯ ಬಗ್ಗೆ ಯೋಚಿಸುವುದನ್ನು ನಿಲ್ಲಿಸುತ್ತಾರೆ. ಬದಲಿಗೆ "ಬುತ್ತಿ ಕೊಡುವಾಗ ಆ ಹುಡುಗನಿಗೆ ಹೇಗನಿಸಿರಬಹುದು?", "ನೀನಾಗಿದ್ದರೆ ಎಷ್ಟು ರೊಟ್ಟಿ ಇಟ್ಟುಕೊಳ್ಳುತ್ತಿದ್ದೆ?" ಎಂದು ಕೇಳಿ. "ನಾನು ಒಂದೂ ಕೊಡುತ್ತಿರಲಿಲ್ಲ" ಎಂದು ಯಾರಾದರೂ ಹೇಳಿದರೆ ಗದರಿಸಬೇಡಿ. ಅದು ನಿಜವಾದ ಉತ್ತರ. ನಿಜ ಹೇಳಿದ್ದಕ್ಕೆ ಶಿಕ್ಷೆಯಾಗುವ ಕೋಣೆಯಲ್ಲಿ ಯಾವ ಮೌಲ್ಯವೂ ಬೆಳೆಯುವುದಿಲ್ಲ.

ಹಂತ 5: ಕಥೆಯನ್ನು ಆಟವಾಗಿಸಿ

ಆಟವೆಂದರೆ ದೇವರ ವಾಕ್ಯಕ್ಕೆ ಅಗೌರವ ಎಂದು ಕೆಲವು ಹಿರಿಯರು ಅಂಜುತ್ತಾರೆ. ಅವರ ಭಕ್ತಿಯನ್ನು ಗೌರವಿಸುತ್ತಲೇ ಹೇಳುತ್ತೇನೆ, ಈ ವಯಸ್ಸಿನ ಮಗು ಆಡುವಾಗಲೇ ಅತ್ಯಂತ ಗಂಭೀರವಾಗಿ ಯೋಚಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಬುನಾದಿ ಹಂತಕ್ಕೆ ಆಟದ ಮೂಲಕ ಕಲಿಕೆಯನ್ನೇ ಸೂಚಿಸಿದೆ. ಹೊಸ ಆಟಗಳನ್ನು ಹುಡುಕುತ್ತ ಇಂಟರ್ನೆಟ್ಟಿನಲ್ಲಿ ಅಲೆಯುವ ಅಗತ್ಯವೂ ಇಲ್ಲ, ನಮ್ಮ ಬೀದಿಯ ಆಟಗಳೇ ಸಾಕು.

ಸಮುವೇಲನಿಗೆ ಕೆರೆ-ದಡ ಹೇಳಿಮಾಡಿಸಿದ ಆಟ. ನೆಲದ ಮೇಲೆ ಗೆರೆ ಎಳೆದು, "ಕೆರೆ" ಎಂದರೆ ಒಳಕ್ಕೆ, "ದಡ" ಎಂದರೆ ಹೊರಕ್ಕೆ ಹಾರಬೇಕು; ಕಿವಿಗೊಡದವರು ತಪ್ಪು ಹಾರುತ್ತಾರೆ. ಆದರೆ ತಪ್ಪು ಹಾರಿದವರನ್ನು ಹೊರಗೆ ಕೂರಿಸುವ ನಿಯಮವನ್ನು ಚಿಕ್ಕವರಿಗೆ ಬಿಟ್ಟುಬಿಡಿ, ಇಲ್ಲವಾದರೆ ಅಭ್ಯಾಸ ಹೆಚ್ಚು ಬೇಕಾದವರೇ ಮೊದಲು ಹೊರಗಾಗುತ್ತಾರೆ. ಆಟದ ಕೊನೆಗೆ ಪಿಸುದನಿಯಲ್ಲಿ "ಕೆರೆ", "ದಡ" ಎಂದು ಹೇಳಿ ನೋಡಿ; ಗದ್ದಲದ ಕೋಣೆ ತಾನಾಗಿ ನಿಶ್ಶಬ್ದವಾಗುತ್ತದೆ.

ತಪ್ಪಿಹೋದ ಕುರಿಗೆ ಕಣ್ಣಾಮುಚ್ಚಾಲೆ. ಹತ್ತಿಯ ಕುರಿಯೊಂದನ್ನು ಅಥವಾ ಚನ್ನಪಟ್ಟಣದ ಮರದ ಆಟಿಕೆಯನ್ನು ಬಚ್ಚಿಟ್ಟು ಎಲ್ಲರೂ ಸೇರಿ ಹುಡುಕುವುದು ಮೊದಲ ವಾರ. ಒಂದು ಮಗುವೇ ಕುರಿಯಾಗಿ ಅಡಗುವುದು ಎರಡನೆಯ ವಾರ. ಸಿಕ್ಕಾಗ ಎಲ್ಲರೂ ಚಪ್ಪಾಳೆ ತಟ್ಟಿ ಕುರಿಯನ್ನು ಕಂಬಳಿಯ ಮೇಲೆ ಕರೆತಂದು ಕೂರಿಸಬೇಕು. ನೂರು ಕುರಿಗಳಲ್ಲಿ ಒಂದು ಕಳೆದದ್ದು ಮಕ್ಕಳಿಗೆ ಲೆಕ್ಕವಾಗಿ ಹತ್ತುವುದಿಲ್ಲ, ಆದರೆ ತನಗಾಗಿ ಎಲ್ಲರೂ ಹುಡುಕಿದರು ಎಂಬುದು ಆ ಮಗುವಿಗೆ ಬಹಳ ದಿನ ನೆನಪಿರುತ್ತದೆ. ತರಗತಿಗೆ ಹೊಸದಾಗಿ ಬಂದ, ಅಳುತ್ತಿರುವ, ಮಾತು ತಡವಾಗಿರುವ ಮಗುವಿಗೆ ಕುರಿಯಾಗುವ ಅವಕಾಶವನ್ನು ಮೊದಲು ಕೊಡಿ. ಕತ್ತಲೆಯ ಮೂಲೆ, ಮುಚ್ಚಿಕೊಳ್ಳುವ ಬೀರು, ನೀರಿನ ತೊಟ್ಟಿ ಇರುವ ಕಡೆ ಈ ಆಟ ಬೇಡ.

ಸಮಾರ್ಯದವನ ಕಥೆಗೆ ಹಳೆಯ ಪಂಚೆಯ ಪಟ್ಟಿಗಳಿಂದ ಒಬ್ಬರಿಗೊಬ್ಬರು ಗಾಯಕಟ್ಟುವ ಆಟ ಸಾಕು (ಪಟ್ಟಿ ಕೈಕಾಲಿಗೆ ಮಾತ್ರ, ಕುತ್ತಿಗೆಗೆ ಬೇಡ). ಇಲ್ಲಿ ಹೇಳುವ ರೀತಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಈ ಕಥೆಯ ಶಕ್ತಿ ಇರುವುದು ನೆರವಾದವನು ಯಾರು ಎಂಬುದರಲ್ಲಿ. ಯೆಹೂದ್ಯರೂ ಸಮಾರ್ಯದವರೂ ಒಬ್ಬರನ್ನೊಬ್ಬರು ದೂರ ಇಟ್ಟಿದ್ದರು. ಗಾಯಗೊಂಡು ಬಿದ್ದವನನ್ನು ಅವನ ಸ್ವಂತದವರೇ ದಾಟಿಹೋದ ದಾರಿಯಲ್ಲಿ ದೂರದವನಾದ ಸಮಾರ್ಯದವನು ನಿಂತ. ಅದನ್ನು "ಒಬ್ಬ ಒಳ್ಳೆಯ ಅಂಕಲ್ ಬಂದು ಸಹಾಯ ಮಾಡಿದರು" ಎಂದು ತೆಳುವಾಗಿಸಿದರೆ ಕಥೆಯ ಬೇರೇ ಹೋಗುತ್ತದೆ. ಮಕ್ಕಳಿಗೆ ಹೀಗೆ ಹೇಳಬಹುದು: "ಆ ಊರಿನವರು ಇವನ ಊರಿನವರ ಜೊತೆ ಕೂತು ಊಟ ಮಾಡುತ್ತಿರಲಿಲ್ಲ, ಆಡುತ್ತಲೂ ಇರಲಿಲ್ಲ. ಆದರೂ ಇವನು ನಿಂತ." ಜಾತಿಯ ಕಾರಣಕ್ಕೆ ಯಾರ ಮನೆಯ ನೀರು ಕುಡಿಯಬಾರದೆಂದು ಮೂರನೆಯ ವರ್ಷಕ್ಕೇ ಕೇಳಿಸಿಕೊಳ್ಳುವ ಮಕ್ಕಳಿರುವ ನಾಡಿನಲ್ಲಿ ಈ ಒಂದು ವಾಕ್ಯವನ್ನು ಬಿಡದೆ ಹೇಳುವುದು ನಮ್ಮ ಕರ್ತವ್ಯವೆಂದು ನಾನು ನಂಬಿದ್ದೇನೆ.

ಹತ್ತು ಮಂದಿಯ ಕಥೆಯಲ್ಲಿಯೂ ಒಂದು ಎಚ್ಚರ ಬೇಕು. ಕುಷ್ಠವನ್ನು ವಿವರಿಸಿ ಮಕ್ಕಳಲ್ಲಿ ಅಸಹ್ಯ ಹುಟ್ಟಿಸಬೇಡಿ. "ಅವರ ಚರ್ಮಕ್ಕೆ ಕಾಯಿಲೆಯಾಗಿತ್ತು, ಆದ್ದರಿಂದ ಎಲ್ಲರಿಂದ ದೂರ ಇರಬೇಕಾಗಿತ್ತು" ಎಂದಷ್ಟೇ ಹೇಳಿ. ಇಂದು ಕುಷ್ಠರೋಗ ಔಷಧಿಯಿಂದ ಪೂರ್ತಿ ಗುಣವಾಗುತ್ತದೆ ಎಂಬುದನ್ನು ದೊಡ್ಡವರೂ ತಿಳಿದಿರಲಿ. ಹತ್ತು ಜನರಲ್ಲಿ ಒಬ್ಬನೇ ತಿರುಗಿ ಬಂದ ಭಾಗವನ್ನು ಮಕ್ಕಳು ಓಡಿ ಅಭಿನಯಿಸಲಿ. ಅನಂತರ ಚರ್ಚಿನ ಅಂಗಳ ಗುಡಿಸುವವರ ಬಳಿಗೋ ನೀರು ತುಂಬಿಸುವವರ ಬಳಿಗೋ ಎಲ್ಲರನ್ನೂ ಕರೆದುಕೊಂಡು ಹೋಗಿ ಧನ್ಯವಾದ ಹೇಳಿಸಿ.

ಜಕ್ಕಾಯನಿಗಾಗಿ ಕ್ರೆಯಾನ್‌ಗಳ ಅಂಗಡಿಯಾಟ ಆಡಿಸಬಹುದು. ಅವನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದದ್ದನ್ನು ಮಕ್ಕಳು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ಕೊಡುವಾಗ ಬಹಳ ಆನಂದಪಡುತ್ತಾರೆ.

ಹಂತ 6: ಪೂರ್ತಿ ತರಗತಿಯ ಒಂದು ಮಾದರಿ

ಐದು ರೊಟ್ಟಿ ಎರಡು ಮೀನಿನ ಕಥೆಯನ್ನು ನಲವತ್ತು ನಿಮಿಷದಲ್ಲಿ ನಡೆಸುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ, ಉಳಿದವನ್ನು ಇದರಂತೆ ನೀವೇ ಹೊಂದಿಸಿಕೊಳ್ಳಬಹುದು.

ಮೊದಲ ಹತ್ತು ನಿಮಿಷ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಬಂದವರನ್ನು ಕಾಯಿಸದೆ ಅವರಿಗೆ ಜೇಡಿಮಣ್ಣಿನ ಅಥವಾ ಚಪಾತಿ ಹಿಟ್ಟಿನ ಒಂದು ಉಂಡೆಯನ್ನು ಕೊಟ್ಟು ರೊಟ್ಟಿ ತಟ್ಟಲು ಹೇಳಿ. ತಿನ್ನುವ ಪದಾರ್ಥವನ್ನು ಆಟಕ್ಕೆ ಬಳಸುವುದು ಹಲವು ಮನೆಗಳಲ್ಲಿ ಸಲ್ಲುವುದಿಲ್ಲ, ಅಂಥ ಕಡೆ ಮಣ್ಣೇ ಇರಲಿ. ಹಿಟ್ಟಾದರೆ ಹಸಿಯಾಗಿ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಐದು ರೊಟ್ಟಿ, ಎರಡು ಮೀನು ಬುಟ್ಟಿಯಲ್ಲಿ ಕೂಡಿದ ಮೇಲೆ ಎಲ್ಲರೂ ಕೈ ತೊಳೆದು ಚಾಪೆಗೆ ಬರಲಿ.

ಅನಂತರ ಅಭಿನಯ ಗೀತೆ, ಸಂಡೇ ಸ್ಕೂಲಿನಲ್ಲಿ ಆಕ್ಷನ್ ಸಾಂಗ್ ಎಂದು ಕರೆಯುವ ಕೈಕಾಲು ಆಡಿಸುವ ಹಾಡು, ಒಂದು ಸಾಕು. ಆಮೇಲೆ ಮಧ್ಯದಲ್ಲಿ ಬುಟ್ಟಿಯನ್ನಿಟ್ಟು ಕಥೆ ಆರಂಭಿಸಿ. "ಎಷ್ಟು ಜನರಿಗೆ ಹಸಿವು?" ಎಂದು ನೀವು ಕೇಳಿದಾಗಲೆಲ್ಲ ಮಕ್ಕಳು ಎರಡೂ ಕೈ ಅಗಲಿಸಿ "ಇಷ್ಟೊಂದು!" ಎನ್ನಲಿ, "ಬುಟ್ಟಿಯಲ್ಲಿ ಎಷ್ಟು ರೊಟ್ಟಿ?" ಎಂದಾಗ ಐದು ಬೆರಳು ತೋರಿಸಲಿ. ಶಿಷ್ಯ ಅಂದ್ರೆಯನು ಹುಡುಗನನ್ನು ಯೇಸುವಿನ ಬಳಿ ತೋರಿಸಿ "ಇಷ್ಟು ಮಂದಿಗೆ ಇದು ಎಲ್ಲಿಗೆ ಸಾಕು" ಎಂಬಂತೆ ಕೇಳಿದ್ದನ್ನು ಹೇಳಿ. ಎಲ್ಲರೂ ಹುಲ್ಲಿನ ಮೇಲೆ ಕುಳಿತರು, ತಿಂದು ತೃಪ್ತರಾದರು, ಉಳಿದ ತುಂಡುಗಳನ್ನು ಹಾಳುಮಾಡದೆ ಕೂಡಿಸಿದಾಗ ಹನ್ನೆರಡು ಪುಟ್ಟಿ ತುಂಬಿತು.

ಈಗ ಮುಖ್ಯವಾದ ಭಾಗ. ನಿಜವಾದ ಚಪಾತಿ ಅಥವಾ ರೊಟ್ಟಿಯನ್ನು ತನ್ನಿ, ಆದರೆ ಪ್ರತಿ ಮಗುವಿಗೂ ಕೊಡಬೇಡಿ. ಇಬ್ಬರಿಗೆ ಒಂದರಂತೆ, ಒಬ್ಬರ ಕೈಗೆ ಕೊಡಿ. ಪಡೆದವರು ಮುರಿದು ಪಕ್ಕದವರಿಗೆ ಕೊಡಬೇಕು. ಮರುಸುತ್ತಿನಲ್ಲಿ ಪಕ್ಕದವರ ಸರದಿ. ಮೊದಲ ದಿನ ಚಿಕ್ಕ ತುಂಡನ್ನು ಕೊಟ್ಟು ದೊಡ್ಡದನ್ನು ಇಟ್ಟುಕೊಳ್ಳುವವರು ಇದ್ದೇ ಇರುತ್ತಾರೆ. ತಿದ್ದಬೇಡಿ. ಒಂದು ಮಗು ಅತ್ತು ಕೊಡಲು ಒಲ್ಲೆನೆಂದರೆ ಕೈಯಿಂದ ಕಿತ್ತು ಹಂಚಬೇಡಿ, ಹಾಗೆ ಮಾಡಿದರೆ ಬಲವಿರುವವರು ಕಿತ್ತುಕೊಳ್ಳಬಹುದು ಎಂಬ ಪಾಠವನ್ನೇ ಕಲಿಸಿದಂತಾಗುತ್ತದೆ. ನಿಮ್ಮ ರೊಟ್ಟಿಯಲ್ಲಿ ಅರ್ಧವನ್ನು ಪಕ್ಕದ ಮಗುವಿಗೆ ಕೊಡಿ. ನಾಲ್ಕನೆಯ ವಾರದ ಹೊತ್ತಿಗೆ ಆ ಮಗುವಿನ ಕೈ ಏನು ಮಾಡುತ್ತದೆ ಎಂದು ಕಾದು ನೋಡಿ.

ಯಾರಿಗಾದರೂ ಗೋಧಿ, ಹಾಲು, ಕಡಲೆಕಾಯಿ ಒಗ್ಗುವುದಿಲ್ಲವೇ ಎಂದು ಪೋಷಕರನ್ನು ಮೊದಲೇ ಕೇಳಿರಬೇಕು. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಗಟ್ಟಿ ಮಿಠಾಯಿ ಈ ವಯಸ್ಸಿನವರ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅವು ತರಗತಿಗೆ ಬೇಡವೇ ಬೇಡ. ಸಾಸಿವೆ ಕಾಳಿನ ಸಾಮ್ಯವನ್ನು ಹೇಳುವ ದಿನವೂ ಕಾಳು, ಮಣಿಗಳು ದೊಡ್ಡವರ ಕೈಯಲ್ಲಿಯೇ ಇರಲಿ. ಮೂಗಿಗೆ ಕಾಳು ತೂರಿಸಿಕೊಂಡ ಮಗುವನ್ನು ಆಸ್ಪತ್ರೆಗೆ ಕರೆದೊಯ್ದವರಿಗೆ ಇದು ಅತಿಯೆನಿಸುವುದಿಲ್ಲ.

ಹಂತ 7: ವಚನ ಮತ್ತು ಪ್ರಾರ್ಥನೆ

ಕಂಠಪಾಠದ ವಚನ ನಾಲ್ಕೈದು ಪದಗಳನ್ನು ಮೀರದಿರಲಿ. "ಯೆಹೋವನು ನನಗೆ ಕುರುಬನು" ಎಂಬ 23ನೆಯ ಕೀರ್ತನೆಯ ಮೊದಲ ಮಾತು ಕುರಿಯ ಕಥೆಗೆ ಹೊಂದುತ್ತದೆ. "ದೇವರು ಪ್ರೀತಿಸ್ವರೂಪಿ" ಎಂಬುದು ಯಾವ ಕಥೆಗೂ ಆಗುತ್ತದೆ. ನಿಮ್ಮ ಸಭೆಯ ಅನುವಾದದಲ್ಲಿ ಪದಗಳು ಬೇರೆಯಾಗಿದ್ದರೆ ಅವನ್ನೇ ಕಲಿಸಿ, ಮನೆಯಲ್ಲಿ ಒಂದು ತರಗತಿಯಲ್ಲಿ ಇನ್ನೊಂದು ಆಗಬಾರದು. ವಚನ ಒಪ್ಪಿಸಿದವರಿಗೆ ಚಾಕೊಲೇಟ್, ಸ್ಟಿಕರ್ ಕೊಡುವ ಪದ್ಧತಿಯನ್ನು ನಾನು ಹಲವು ವರ್ಷ ಅನುಸರಿಸಿ ಕೈಬಿಟ್ಟೆ. ಬಹುಮಾನ ಸಿಗದ ಮಕ್ಕಳು ಮುಂದಿನ ವಾರ ಬಾಯಿ ತೆರೆಯದೆ ಕುಳಿತುಬಿಡುತ್ತಿದ್ದರು.

ಪ್ರಾರ್ಥನೆ ಒಂದೆರಡು ವಾಕ್ಯಗಳಲ್ಲಿ ಮುಗಿಯಲಿ, ಪ್ರತಿ ಮಗುವೂ ಒಂದು ವಿಷಯಕ್ಕೆ ಧನ್ಯವಾದ ಹೇಳಲಿ. "ಹೊಸ ಚಪ್ಪಲಿಗೆ", "ನಮ್ಮ ಬೆಕ್ಕಿಗೆ" ಎಂದು ಬಂದರೆ ಅದು ಪೂರ್ಣ ಪ್ರಾರ್ಥನೆಯೇ. ಹೇಳಲು ಇಷ್ಟವಿಲ್ಲದವರು ಸುಮ್ಮನಿರಲಿ.

ಅನ್ಯಧರ್ಮದ ಮಕ್ಕಳು ಜೊತೆಗಿದ್ದಾಗ

ಬೇಸಿಗೆಯ ವಿಬಿಎಸ್‌ಗೆ, ಅಂದರೆ ರಜಾಕಾಲದ ಬೈಬಲ್ ಶಾಲೆಗೆ, ನೆರೆಮನೆಯ ಮಕ್ಕಳೂ ಆಟದ ಆಸೆಗೆ ಬರುತ್ತಾರೆ. ಏನು ಕಲಿಸುತ್ತೇವೆ ಎಂದು ಅವರ ತಂದೆತಾಯಿಗೆ ಮುಚ್ಚುಮರೆಯಿಲ್ಲದೆ ಹೇಳಿ, ಅವರು ಒಪ್ಪಿದರೆ ಮಾತ್ರ ಸೇರಿಸಿಕೊಳ್ಳಿ. ನೀವು ನಡೆಸುವುದು ಶಾಲೆಯ ಆವರಣದಲ್ಲಾದರೆ ಸಂವಿಧಾನದ 28ನೆಯ ವಿಧಿಯನ್ನು ನೆನಪಿಡಿ: ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದರಲ್ಲಿ ಭಾಗವಹಿಸುವಂತೆ ಮಾಡುವಂತಿಲ್ಲ. ಬೇರೆಯವರ ದೇವರ ಬಗ್ಗೆ ಒಂದು ಕೀಳು ಮಾತೂ ಮಕ್ಕಳ ಕಿವಿಗೆ ಬೀಳಬಾರದು. ನೆರೆಯವರನ್ನು ಪ್ರೀತಿಸು ಎಂದು ಕಲಿಸುವ ಕೋಣೆಯಲ್ಲಿ ನೆರೆಯವರ ಮಗು ತಲೆ ತಗ್ಗಿಸಿ ಕೂರುವಂತಾದರೆ ನಾವು ಹೇಳಿದ್ದೆಲ್ಲ ವ್ಯರ್ಥ.

ಹಂತ 8: ಮನೆಗೆ ಕಳುಹಿಸಬೇಕಾದ ಚೀಟಿ

ತರಗತಿ ವಾರಕ್ಕೆ ನಲವತ್ತು ನಿಮಿಷ, ಉಳಿದದ್ದೆಲ್ಲ ಮನೆ. ಆದ್ದರಿಂದ ಬಣ್ಣ ಹಚ್ಚಿದ ಹಾಳೆಯ ಜೊತೆಗೆ ಪೋಷಕರಿಗೆ ಎರಡು ಸಾಲಿನ ಚೀಟಿಯನ್ನೂ ಕಳುಹಿಸಿ, ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದರೂ ಸರಿ. ಅದರಲ್ಲಿ ಕಥೆಯ ಹೆಸರು, ಅಧ್ಯಾಯ, ಮತ್ತು ಈ ವಾರ ಮಗು ಮಾಡಬೇಕಾದ ಒಂದೇ ಒಂದು ಕೆಲಸ ಇರಲಿ: "ರಾತ್ರಿ ಊಟಕ್ಕೆ ಕೂತಾಗ ಮಗು ತನ್ನ ಕೈಯಿಂದ ಅಜ್ಜಿಗೆ ಒಂದು ತುಂಡು ಬಡಿಸಲಿ." ಜೊತೆಗೆ ಪೋಷಕರಿಗೂ ಒಂದು ಕೋರಿಕೆ ಬರೆಯಿರಿ: ಮಗು ಮರೆತ ದಿನ "ಸಂಡೇ ಸ್ಕೂಲಿನಲ್ಲಿ ಇದನ್ನೇ ಕಲಿತದ್ದಾ?" ಎಂದು ಚುಚ್ಚಬಾರದು. ಆ ದಿನ ಅಪ್ಪನೋ ಅಮ್ಮನೋ ತಾವೇ ಬಡಿಸಿದರೆ ಸಾಕು, ಮಗು ನೋಡುತ್ತಿರುತ್ತದೆ.

ಮುಂದಿನ ಭಾನುವಾರ ಕಥೆಗೆ ಹೋಗುವ ಮೊದಲು ಬುಟ್ಟಿಯನ್ನು ಮತ್ತೆ ಮಧ್ಯದಲ್ಲಿಟ್ಟು, ಅಜ್ಜಿಗೆ ಯಾರು ಯಾರು ಬಡಿಸಿದಿರಿ ಎಂದು ಕೇಳಿ. ಎಲ್ಲರೂ ಒಟ್ಟಿಗೆ ಮಾತಾಡಲು ಆರಂಭಿಸುತ್ತಾರೆ. ಅದಕ್ಕೆ ಹತ್ತು ನಿಮಿಷವನ್ನು ಮೊದಲೇ ಎತ್ತಿಟ್ಟುಕೊಂಡಿರಿ.